ಬಿಟ್ಟಿ ಸಿಗುವ ಹೆಚ್‌ಪಿಎಲ್‌ಸಿ ಸಿಮ್ಯುಲೇಟರ್: ಮೆಥಡ್ ಡೆವಲಪ್‌ಮೆಂಟ್ ಮಾಡುವವರಿಗೆ ಎಷ್ಟು ಉಪಯೋಗ?

ಹೆಚ್‌ಪಿಎಲ್‌ಸಿ ಅಂದರೆ ಮಿಶ್ರಣವನ್ನು ದ್ರವದ (ಮೊಬೈಲ್ ಫೇಸ್) ಜೊತೆ, ಸಣ್ಣ ಕಣಗಳು ತುಂಬಿದ ಕೊಳವೆಯ (ಕಾಲಮ್) ಮೂಲಕ ಒತ್ತಡದಲ್ಲಿ ಹರಿಸಿ, ಅದರಲ್ಲಿರುವ ವಸ್ತುಗಳನ್ನು ಬೇರೆ ಮಾಡುವ ಮೆಷಿನ್; ಒಂದೊಂದು ವಸ್ತು ಗ್ರಾಫ್‌ನಲ್ಲಿ ಒಂದೊಂದು ಪೀಕ್ ಆಗಿ ಕಾಣುತ್ತೆ. ಪೀಕ್‌ಗಳೆಲ್ಲ ಬೇರೆ ಬೇರೆಯಾಗಿ ಬರುವ ಸೆಟ್ಟಿಂಗ್ ಹುಡುಕುವುದೇ ಮೆಥಡ್ ಡೆವಲಪ್‌ಮೆಂಟ್. ಈ ಮೆಷಿನ್ ಅನ್ನು ಕಂಪ್ಯೂಟರ್ ಪರದೆ ಮೇಲೆ ನಕಲು ಮಾಡಿ ತೋರಿಸುವುದು ಈ ಸಿಮ್ಯುಲೇಟರ್. ಮೊದಲೇ ಹೇಳಿಬಿಡುತ್ತೇನೆ. ಮೆಥಡ್ ಡೆವಲಪ್‌ಮೆಂಟ್‌ಗೆ ಹೊಸದಾಗಿ ಬರುವ ಯಾರೇ ಆಗಲಿ, ಮೆಷಿನ್ ಮುಟ್ಟುವ ಮುಂಚೆ ಒಂದಷ್ಟು ಹೊತ್ತು ಈ ಸಿಮ್ಯುಲೇಟರ್ ಮುಂದೆ ಕೂರಲೇಬೇಕು. ದುಡ್ಡು ಕೊಡಬೇಕಿಲ್ಲ, ಲೈಸೆನ್ಸ್ ಕೇಳಬೇಕಿಲ್ಲ, ಕಾಲಮ್ ಹಾಳಾಗುತ್ತೆ ಅನ್ನುವ ಭಯ ಇಲ್ಲ. ಪೀಕ್‌ಗಳು ಯಾಕೆ ಹತ್ತಿರ ಬರುತ್ತವೆ, ಯಾಕೆ ದೂರ ಹೋಗುತ್ತವೆ ಅನ್ನುವುದು ಪುಸ್ತಕ ಓದಿದರೆ ತಲೆಗೆ ಹೋಗುವುದಕ್ಕಿಂತ ಬೇಗ ಇಲ್ಲಿ ಕಣ್ಣಿಗೆ ಕಾಣುತ್ತೆ. ಆದರೆ ನಿಮ್ಮ ಮಾಲಿಕ್ಯೂಲ್‌ಗೆ ಇದೇ ಮೆಥಡ್ ಮಾಡಿಕೊಡುತ್ತೆ ಅಂದುಕೊಂಡರೆ ಅದು ಆಗುವುದಿಲ್ಲ. ಈ ಎರಡು ಮಾತಿನ ನಡುವೆ ಹೇಳುವುದು ಜಾಸ್ತಿ ಇದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಇದನ್ನು ಮಾಡಿದವರು ಅಮೆರಿಕದ ಮಿನೆಸೋಟಾ ರಾಜ್ಯದ ಕೆಲವು ಕ್ರೊಮ್ಯಾಟೊಗ್ರಫಿ (ಮಿಶ್ರಣ ಬೇರ್ಪಡಿಸುವ ವಿದ್ಯೆ) ಸಂಶೋಧಕರು. ಪಾಲ್ ಬಾಸ್‌ವೆಲ್ ಮತ್ತು ಗಸ್ಟಾವಸ್ ಅಡಾಲ್ಫಸ್ ಕಾಲೇಜಿನ ಡ್ವೈಟ್ ಸ್ಟೋಲ್ ಇದರ ಹಿಂದಿನ ಮುಖ್ಯ ಹೆಸರುಗಳು. ಕಾಲೇಜು ಮಕ್ಕಳಿಗೆ ಪಾಠ ಮಾಡಲು ಅಂತ ಶುರುವಾದದ್ದು. ಮೊದಲು ಜಾವಾ ಇಲ್ಲದೆ ಓಡುತ್ತಿರಲಿಲ್ಲ, ಆಫೀಸ್ ಕಂಪ್ಯೂಟರ್‌ನಲ್ಲಿ ಐಟಿಯವರು ಜಾವಾ ಹಾಕಲು ಬಿಡುತ್ತಿರಲಿಲ್ಲ. ಈಗ ಬ್ರೌಸರ್‌ನಲ್ಲೇ ತೆರೆದುಕೊಳ್ಳುತ್ತೆ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಪೀಣ್ಯ ಆಗಲಿ ಜಿಗಣಿ ಆಗಲಿ, ಯಾವ ಫಾರ್ಮಾ ಲ್ಯಾಬ್‌ನಲ್ಲೂ ಕಂಪ್ಯೂಟರ್‌ಗೆ ಏನಾದರೂ ಇನ್‌ಸ್ಟಾಲ್ ಮಾಡಿಸುವುದು ಅಂದರೆ ಅದೇ ಒಂದು ಪ್ರಾಜೆಕ್ಟ್, ಅಲ್ವಾ.

ಮೆಥಡ್ ಡೆವಲಪ್‌ಮೆಂಟ್ ನಿಧಾನ ಆಗುವುದು ಎಲ್ಲಿ ಅಂತ ಸ್ವಲ್ಪ ಯೋಚಿಸಿ. ಮೆಷಿನ್ ನಿಧಾನ ಇರುವುದರಿಂದ ಅಲ್ಲ. ಒಂದು ರನ್ ಹಾಕುತ್ತೇವೆ, ಎರಡು ಇಂಪ್ಯೂರಿಟಿ (ಔಷಧದಲ್ಲಿ ಬೆರೆತ ಕಲ್ಮಶ) ಪೀಕ್‌ಗಳು ಸೇರಿಕೊಂಡಿವೆ. ಮೊಬೈಲ್ ಫೇಸ್‌ನಲ್ಲಿರುವ ಸಾಲ್ವೆಂಟ್ ಅಸಿಟೋನೈಟ್ರೈಲ್ ಅನ್ನು ಸ್ವಲ್ಪ ಕಡಿಮೆ ಮಾಡುತ್ತೇವೆ. ಆಗಲಿಲ್ಲ. ಫ್ಲೋ ಕಡಿಮೆ ಮಾಡುತ್ತೇವೆ. ಆಗಲಿಲ್ಲ. ಕಾಲಮ್ ಬದಲಾಯಿಸುತ್ತೇವೆ, ಜೊತೆಗೆ ಬಫರ್ (ಆಮ್ಲೀಯತೆ ಸ್ಥಿರ ಇಡುವ ದ್ರಾವಣ) ಕೂಡ ಬದಲಾಯಿಸುತ್ತೇವೆ. ಈಗ ಆ ಎರಡು ಬಿಟ್ಟುಕೊಂಡವು, ಆದರೆ ಬೇರೆ ಎರಡು ಅಂಟಿಕೊಂಡವು. ಯಾವುದರಿಂದ ಏನಾಯಿತು ಅಂತ ಯಾರಿಗೂ ಗೊತ್ತಿಲ್ಲ. ಹೀಗೇ ವಾರಗಳು ಹೋಗುತ್ತವೆ. ಒಂದೊಂದು ಬದಲಾವಣೆಗೂ ಕಾಲಮ್ ಸರಿಯಾಗಿ ಈಕ್ವಿಲಿಬ್ರೇಟ್ ಆಗಬೇಕು, ಅಂದರೆ ಹೊಸ ದ್ರವಕ್ಕೆ ಹೊಂದಿಕೊಳ್ಳಬೇಕು; 150 ಮಿ.ಮೀ. ಉದ್ದ, 4.6 ಮಿ.ಮೀ. ವ್ಯಾಸದ ಕಾಲಮ್‌ಗೆ ಒಳಗಿನ ಖಾಲಿ ಜಾಗ ಸುಮಾರು ಒಂದೂವರೆ ಮಿ.ಲೀ., ಹತ್ತು ಕಾಲಮ್ ವಾಲ್ಯೂಮ್ ಹರಿಸಬೇಕು ಅಂದರೆ 15 ಮಿ.ಲೀ., ಅಂದರೆ ನಿಮಿಷಕ್ಕೆ 1 ಮಿ.ಲೀ. ಲೆಕ್ಕದಲ್ಲಿ ಕಾಲು ಗಂಟೆ ಬರೀ ಕಾಯುವುದಕ್ಕೇ ಹೋಯಿತು. ಯೋಚನೆ ಇಲ್ಲದ ರನ್‌ಗಳಿಗೆ ಕೊಡುವ ಬೆಲೆ ಇದು. ಈ ಸಿಮ್ಯುಲೇಟರ್ ಕೈ ಹಾಕುವುದು ಸರಿಯಾಗಿ ಇಲ್ಲಿಗೇ.

ತೆರೆದ ತಕ್ಷಣ ಒಂದು ಪಕ್ಕದಲ್ಲಿ ಸೆಟ್ಟಿಂಗ್‌ಗಳ ಸಾಲು, ಇನ್ನೊಂದು ಕಡೆ ಕ್ರೊಮ್ಯಾಟೊಗ್ರಾಮ್ (ಪೀಕ್‌ಗಳ ಗ್ರಾಫ್), ಕೆಳಗೆ ಕಾಂಪೌಂಡ್‌ಗಳ ಪಟ್ಟಿ ಕಾಣುತ್ತೆ. ಫೀನಾಲ್, ಅಸಿಟೋಫೀನೋನ್ ತರಹದ ಸರಳ ಕಾಂಪೌಂಡ್‌ಗಳು. ಪ್ರತಿಯೊಂದಕ್ಕೂ ರಿಟೆನ್ಷನ್ ಟೈಮ್ (ಕಾಲಮ್‌ನಿಂದ ಹೊರಬರಲು ಹಿಡಿಯುವ ಟೈಮ್) ಎಷ್ಟು, ಕೆ ಬೆಲೆ (ಕಾಲಮ್ ಅದನ್ನು ಎಷ್ಟು ಹಿಡಿದಿಡುತ್ತೆ ಅನ್ನುವ ಅಳತೆ) ಎಷ್ಟು ಅಂತ ಅಲ್ಲೇ ತೋರಿಸುತ್ತೆ. ಬಿ ಸಾಲ್ವೆಂಟ್ (ನೀರಿಗೆ ಬೆರೆಸುವ ಅಸಿಟೋನೈಟ್ರೈಲ್ ಅಥವಾ ಮೆಥನಾಲ್) ಶೇಕಡಾ ಎಷ್ಟು ಅನ್ನುವುದಕ್ಕೆ ಒಂದು ಸ್ಲೈಡರ್ ಇದೆ. ಅದನ್ನು ಎಳೆಯಿರಿ. ಎಳೆದ ಹಾಗೇ ಪೀಕ್‌ಗಳು ಸರಿಯುತ್ತವೆ. ನನಗೆ ಇಡೀ ಸಿಮ್ಯುಲೇಟರ್‌ನಲ್ಲಿ ಅತಿ ಇಷ್ಟವಾದದ್ದು ಇದೇ. ಶೇ. 50 ಇದ್ದದ್ದನ್ನು 40ಕ್ಕೆ ತಂದಾಗ ಕೆ ಸುಮಾರು ಎರಡೂವರೆಯಿಂದ ಮೂರು ಪಟ್ಟು ಆಗುವುದನ್ನು ಕಣ್ಣಾರೆ ನೋಡಬಹುದು. ಈ ಮಾತನ್ನು ಎಲ್ಲರೂ ಪಾಠದಲ್ಲಿ ಕೇಳಿರುತ್ತೇವೆ. ಆದರೆ ಸ್ಲೈಡರ್ ಎಳೆದು ನೋಡಿದವನು ಇಂಟರ್‌ವ್ಯೂನಲ್ಲಿ ಕೇಳಿದರೆ ಮರೆಯುವುದಿಲ್ಲ, ಲ್ಯಾಬ್‌ನಲ್ಲೂ ಸುಮ್ನೆ ಶೇ. 2 ಬದಲಾಯಿಸಿ ಪವಾಡ ಕಾಯುವುದಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಎಲ್ಲ ಪೀಕ್‌ಗಳೂ ಒಂದೇ ಪ್ರಮಾಣದಲ್ಲಿ ಸರಿಯುವುದಿಲ್ಲ. ಕೆಲವು ಬೇಗ ದೂರ ಓಡುತ್ತವೆ, ಕೆಲವು ನಿಧಾನ. ಸ್ಲೈಡರ್ ನಿಧಾನಕ್ಕೆ ಎಳೆಯುತ್ತಾ ಹೋದರೆ ಅಕ್ಕಪಕ್ಕದ ಜೋಡಿಯೊಂದು ಹತ್ತಿರ ಬಂದು, ಸೇರಿ, ಮತ್ತೆ ಬೇರೆಯಾಗಿ, ಕೆಲವೊಮ್ಮೆ ಜಾಗವನ್ನೇ ಬದಲಾಯಿಸಿಕೊಳ್ಳುತ್ತೆ. ಸೆಲೆಕ್ಟಿವಿಟಿ ಅಂದರೆ ಇದೇ. ಪೀಕ್ ಕ್ರಮ ಬದಲಾಗಬಹುದು ಅನ್ನುವುದನ್ನು ಒಮ್ಮೆ ಪರದೆಯ ಮೇಲೆ ನೋಡಿದ ಮೇಲೆ, ಲ್ಯಾಬ್‌ನಲ್ಲಿ ಪ್ರತಿ ಬದಲಾವಣೆಗೂ ಪೀಕ್‌ಗಳನ್ನು ಒಂದೊಂದಾಗಿ ಗುರುತಿಸಿಕೊಳ್ಳುವ ಅಭ್ಯಾಸ ತಾನಾಗೇ ಬರುತ್ತೆ. ಮೂರನೇ ಪೀಕ್ ಅಂದರೆ ಯಾವಾಗಲೂ ಅದೇ ಇಂಪ್ಯೂರಿಟಿ ಅಂತ ನಂಬಿಕೊಂಡು ಕೂರುವುದು ನಿಲ್ಲುತ್ತೆ.

ರೆಸೊಲ್ಯೂಷನ್ (ಎರಡು ಪೀಕ್ ಎಷ್ಟು ಬಿಟ್ಟುಕೊಂಡಿವೆ ಅನ್ನುವ ಅಳತೆ) ಸೂತ್ರವನ್ನು ನಾವೆಲ್ಲ ಬಾಯಿಪಾಠ ಮಾಡಿರುತ್ತೇವೆ. ಅದರಲ್ಲಿ ಮೂರು ತುಂಡು: ಪ್ಲೇಟ್ ಕೌಂಟ್ (ಪೀಕ್ ಎಷ್ಟು ಚೂಪು ಅನ್ನುವುದರ ಅಳತೆ), ಆಲ್ಫಾ (ಎರಡು ಪೀಕ್‌ಗಳ ಕೆ ಅನುಪಾತ, ಅಂದರೆ ಸೆಲೆಕ್ಟಿವಿಟಿ), ಕೆ. ಲೆಕ್ಕ ಹಾಕಿ ನೋಡಿ. 10,000 ಪ್ಲೇಟ್, ಕೆ 5, ಆಲ್ಫಾ 1.05 ಇದ್ದರೆ ರೆಸೊಲ್ಯೂಷನ್ ಸುಮಾರು 1.0. ಆಲ್ಫಾ ಒಂದನ್ನೇ 1.10 ಮಾಡಿದರೆ ಅದು 1.9ರ ಹತ್ತಿರ ಹೋಗುತ್ತೆ. ಅದೇ ಪ್ಲೇಟ್ ಕೌಂಟ್ ಅನ್ನು 20,000 ಮಾಡಿದರೆ ಸಿಗುವುದು ಬರೀ 1.4. ಅಂದರೆ ಕಾಲಮ್ ಉದ್ದ ಎರಡು ಪಟ್ಟು ಮಾಡಿ, ಟೈಮ್ ಎರಡು ಪಟ್ಟು ಮಾಡಿ, ಪ್ರೆಷರ್ ಎರಡು ಪಟ್ಟು ಮಾಡಿದರೂ, ಮೊಬೈಲ್ ಫೇಸ್ ಅನ್ನು ಬುದ್ಧಿವಂತಿಕೆಯಿಂದ ಬದಲಾಯಿಸಿ ಸಿಗುವಷ್ಟು ಸಿಗುವುದಿಲ್ಲ. ಎಷ್ಟೋ ಲ್ಯಾಬ್‌ಗಳಲ್ಲಿ ಪೀಕ್ ಬಿಡಲಿಲ್ಲ ಅಂದ ತಕ್ಷಣ 250 ಮಿ.ಮೀ. ಕಾಲಮ್ ತೆಗೆಯುತ್ತಾರೆ. ಆ ಮೆಥಡ್ ಮುಂದೆ ಕ್ಯೂಸಿಯಲ್ಲಿ (ಗುಣಮಟ್ಟ ಪರೀಕ್ಷೆಯ ವಿಭಾಗ) ವರ್ಷಗಟ್ಟಲೆ ಓಡುತ್ತೆ, ಒಂದೊಂದು ಇಂಜೆಕ್ಷನ್‌ಗೂ (ಮೆಷಿನ್‌ಗೆ ಸ್ಯಾಂಪಲ್ ಒಂದು ಸಲ ಹಾಕುವುದು) ಒಂದು ಗಂಟೆ. ಅಲ್ಲಿ ಕೂತಿರುವ ಅನಲಿಸ್ಟ್‌ನ ನೈಟ್ ಶಿಫ್ಟ್ ಹೋಗುವುದು ಇಂಥ ನಿರ್ಧಾರಗಳಿಂದಲೇ. ಇದು ನನಗೆ ನಿಜಕ್ಕೂ ಬೇಜಾರಿನ ವಿಷಯ.

ಸಾಲ್ವೆಂಟ್ ಬದಲಾಯಿಸುವ ಆಯ್ಕೆ ಚೆನ್ನಾಗಿದೆ. ಅಸಿಟೋನೈಟ್ರೈಲ್ ಇದ್ದದ್ದನ್ನು ಮೆಥನಾಲ್ ಮಾಡಿ ನೋಡಿ. ಪೀಕ್‌ಗಳ ನಡುವಿನ ಅಂತರ ಬೇರೆಯಾಗುತ್ತೆ, ಜೊತೆಗೆ ಪ್ರೆಷರ್ ಜಿಗಿಯುತ್ತೆ. ನೀರು ಮತ್ತು ಮೆಥನಾಲ್ ಅರ್ಧರ್ಧ ಬೆರೆಸಿದಾಗ ಎರಡಕ್ಕಿಂತಲೂ ಗಟ್ಟಿಯಾದ, ಅಂದರೆ ವಿಸ್ಕಾಸಿಟಿ ಜಾಸ್ತಿ ಇರುವ ದ್ರವ ಆಗುತ್ತೆ. 25 ಡಿಗ್ರಿಯಲ್ಲಿ ನೀರಿನ ವಿಸ್ಕಾಸಿಟಿ 0.89 ಸೆಂಟಿಪಾಯ್ಸ್ ಇದ್ದರೆ ಈ ಮಿಶ್ರಣದ್ದು 1.6ರ ಆಸುಪಾಸು. ಅಸಿಟೋನೈಟ್ರೈಲ್ ಮಿಶ್ರಣ 1ರ ಹತ್ತಿರವೇ ನಿಲ್ಲುತ್ತೆ. ಮೆಥನಾಲ್ ಗ್ರೇಡಿಯಂಟ್ (ರನ್ ನಡೆಯುವಾಗಲೇ ಸಾಲ್ವೆಂಟ್ ಶೇಕಡಾ ಏರಿಸುತ್ತಾ ಹೋಗುವುದು) ಓಡಿಸುವಾಗ ಮಧ್ಯದಲ್ಲಿ ಪ್ರೆಷರ್ ಏರಿ ಮತ್ತೆ ಇಳಿಯುವುದನ್ನು ನೋಡಿ ಪಂಪ್ ಕೆಟ್ಟಿದೆ ಅಂತ ಸರ್ವಿಸ್ ಇಂಜಿನಿಯರ್‌ಗೆ ಫೋನ್ ಮಾಡುವವರು ಈಗಲೂ ಇದ್ದಾರೆ. ಪಂಪ್ ಚೆನ್ನಾಗೇ ಇರುತ್ತೆ.

ಮೆಥನಾಲ್ ವಿಷಯ ಬಂದಾಗ ಒಂದು ಮಾತು. 2008ರ ಕೊನೆಯಿಂದ 2009ರವರೆಗೆ ಪ್ರಪಂಚದಾದ್ಯಂತ ಅಸಿಟೋನೈಟ್ರೈಲ್ ಸಿಗದೆ ಲ್ಯಾಬ್‌ಗಳು ಒದ್ದಾಡಿದ್ದು ಹಳಬರಿಗೆ ನೆನಪಿರುತ್ತೆ. ಅದನ್ನು ಯಾರೂ ಅದಕ್ಕೋಸ್ಕರ ಅಂತ ಜಾಸ್ತಿ ಮಾಡುವುದಿಲ್ಲ, ಅಕ್ರಿಲೋನೈಟ್ರೈಲ್ ಮಾಡುವಾಗ ಉಪ ಉತ್ಪನ್ನವಾಗಿ ಬರುತ್ತೆ. ಕಾರು, ಪ್ಲಾಸ್ಟಿಕ್ ಬೇಡಿಕೆ ಬಿದ್ದಾಗ ಅಕ್ರಿಲೋನೈಟ್ರೈಲ್ ಕಡಿಮೆ ಆಯಿತು, ಇದೂ ಕಡಿಮೆ ಆಯಿತು. ಬೀಜಿಂಗ್ ಒಲಿಂಪಿಕ್ಸ್ ಅಂತ ಚೀನಾದಲ್ಲಿ ಕಾರ್ಖಾನೆಗಳು ನಿಂತಿದ್ದವು, ಅಮೆರಿಕದ ಟೆಕ್ಸಾಸ್ ಕಡೆ ಚಂಡಮಾರುತದ ಹೊಡೆತ ಬೇರೆ. ಮೆಥನಾಲ್‌ನಲ್ಲೂ ಕೆಲಸ ಆಗುವ ಮೆಥಡ್ ಕೈಯಲ್ಲಿದ್ದವರು ಆಗ ಬಚಾವಾದರು. ಹಾಗಾಗಿ ಶುರುವಿನಲ್ಲೇ ಎರಡೂ ಸಾಲ್ವೆಂಟ್ ನೋಡಿಕೊಳ್ಳುವುದು ಒಳ್ಳೆಯದು ಅನ್ನುವುದು ನನ್ನ ಲೆಕ್ಕ, ಸೆಲೆಕ್ಟಿವಿಟಿ ಲಾಭ ಹೇಗೂ ಸಿಗುತ್ತೆ.

ಟೆಂಪರೇಚರ್ ಸ್ಲೈಡರ್ ಅನ್ನು ಜನ ಕಡೆಗಣಿಸುತ್ತಾರೆ. 25ರಿಂದ 50 ಡಿಗ್ರಿಗೆ ತಂದು ನೋಡಿ. ನೀರೊಂದರದೇ ವಿಸ್ಕಾಸಿಟಿ 0.89ರಿಂದ 0.55ಕ್ಕೆ ಇಳಿಯುತ್ತೆ, ಹಾಗಾಗಿ ಪ್ರೆಷರ್ ಕೂಡ ಇಳಿಯುತ್ತೆ, ಪೀಕ್‌ಗಳು ಬೇಗ ಬರುತ್ತವೆ, ಕೆಲವು ಜೋಡಿಗಳ ಅಂತರವೂ ಬದಲಾಗುತ್ತೆ. ನಿಜವಾದ ಮೆಷಿನ್‌ನಲ್ಲಿ ಓವನ್ ಬಿಸಿಯಾಗಿ ಸ್ಥಿರವಾಗಲು ಕಾಯಬೇಕು, ಇಲ್ಲಿ ಕಾಯುವ ಗೋಜಿಲ್ಲ. ಟೆಂಪರೇಚರ್ ಅನ್ನು ಬರೀ 'ಕಂಟ್ರೋಲ್ ಮಾಡಬೇಕಾದದ್ದು' ಅಂದುಕೊಂಡವರಿಗೆ ಅದು ಪೀಕ್ ಬಿಡಿಸುವ ಸಾಧನವೂ ಹೌದು ಅಂತ ಇಲ್ಲಿ ಗೊತ್ತಾಗುತ್ತೆ.

ಪಾರ್ಟಿಕಲ್ ಸೈಜ್, ಅಂದರೆ ಕಾಲಮ್‌ನೊಳಗಿನ ಕಣಗಳ ಗಾತ್ರದ ಬಗ್ಗೆ ಹೇಳಲೇಬೇಕು. 5 ಮೈಕ್ರಾನ್ ಇದ್ದದ್ದನ್ನು 2.5 ಮಾಡಿ, ಬೇರೆ ಏನೂ ಮುಟ್ಟಬೇಡಿ. ಪ್ಲೇಟ್‌ಗಳು ಹತ್ತಿರ ಹತ್ತಿರ ಎರಡು ಪಟ್ಟು, ಪ್ರೆಷರ್ ನಾಲ್ಕು ಪಟ್ಟು. ಪಕ್ಕದಲ್ಲೇ ಬಾರ್ ಲೆಕ್ಕದಲ್ಲಿ ಬ್ಯಾಕ್‌ಪ್ರೆಷರ್ ಕಾಣುವುದರಿಂದ ನಿಮ್ಮ 400 ಬಾರ್ ಮೆಷಿನ್ ಇದನ್ನು ತಡೆಯುತ್ತಾ ಇಲ್ವಾ ಅಂತ ಕಾಲಮ್ ಕೊಳ್ಳುವ ಮುಂಚೆಯೇ ಅಂದಾಜು ಸಿಗುತ್ತೆ. ಫಾರ್ಮಕೋಪಿಯಾ (ಔಷಧ ಪರೀಕ್ಷೆಗಳ ಅಧಿಕೃತ ಗ್ರಂಥ) ಮೆಥಡ್‌ಗಳನ್ನು ಓಡಿಸುವವರಿಗೆ ಇದು ಇನ್ನೂ ಉಪಯೋಗ. ಅಮೆರಿಕದ ಫಾರ್ಮಕೋಪಿಯಾ ಆದ ಯುಎಸ್‌ಪಿಯ 621ನೇ ಅಧ್ಯಾಯ ಕಾಲಮ್ ಉದ್ದವನ್ನು ಪಾರ್ಟಿಕಲ್ ಸೈಜ್‌ನಿಂದ ಭಾಗಿಸಿದ ಅನುಪಾತ ಶೇ. 25 ಕೆಳಗೆ, ಶೇ. 50 ಮೇಲೆ ಇರುವವರೆಗೆ ಬದಲಾಯಿಸಲು ಬಿಡುತ್ತೆ. 150 ಮಿ.ಮೀ., 5 ಮೈಕ್ರಾನ್ ಅಂದರೆ ಅನುಪಾತ 30,000. 100 ಮಿ.ಮೀ., 3 ಮೈಕ್ರಾನ್ ಅಂದರೆ 33,300 ಚಿಲ್ಲರೆ. ಮಿತಿಯೊಳಗೇ ಇದೆ. ಅದೇ ಫ್ಲೋನಲ್ಲಿ ಟೈಮ್ ಮೂರನೇ ಎರಡು ಭಾಗಕ್ಕೆ ಇಳಿಯುತ್ತೆ, ಪ್ರೆಷರ್ ಎರಡು ಪಟ್ಟಿಗಿಂತ ಸ್ವಲ್ಪ ಕಡಿಮೆ ಏರುತ್ತೆ. ಇಂಥ ಲೆಕ್ಕ ಮಾಡಿ ಮ್ಯಾನೇಜರ್ ಮುಂದೆ ಇಟ್ಟರೆ ಹೊಸ ಕಾಲಮ್‌ಗೆ ಒಪ್ಪಿಗೆ ಸಿಗುವುದು ಸುಲಭ. 4.6 ಮಿ.ಮೀ. ಬದಲು 2.1 ಮಿ.ಮೀ. ಕಾಲಮ್ ಹಾಕಿದರೆ ಫ್ಲೋ 1 ಮಿ.ಲೀ. ಇದ್ದದ್ದು 0.21ಕ್ಕೆ ಬರುತ್ತೆ, ಸಾಲ್ವೆಂಟ್ ಐದನೇ ನಾಲ್ಕು ಭಾಗ ಉಳಿಯುತ್ತೆ.

ಈಗ ಗ್ರೇಡಿಯಂಟ್. ಸಿಮ್ಯುಲೇಟರ್‌ನ ನಿಜವಾದ ಬೆಲೆ ಇಲ್ಲಿದೆ ಅಂತ ನನಗೆ ಅನ್ನಿಸುತ್ತೆ.

ಹೊಸ ಸ್ಯಾಂಪಲ್ ಬಂದರೆ ಮೊದಲು ಒಂದು ಸ್ಕೌಟಿಂಗ್ ಗ್ರೇಡಿಯಂಟ್ (ಅಂದಾಜು ಸಿಗಲು ಹಾಕುವ ಮೊದಲ ರನ್) ಹಾಕುವುದು ಒಳ್ಳೆಯ ಪದ್ಧತಿ. ಬಿ ಸಾಲ್ವೆಂಟ್ ಶೇ. 5ರಿಂದ 95ರವರೆಗೆ, 20 ನಿಮಿಷ. ಮೊದಲ ಪೀಕ್‌ಗೂ ಕೊನೆಯ ಪೀಕ್‌ಗೂ ನಡುವೆ ಎಷ್ಟು ಟೈಮ್ ಇದೆ ನೋಡಿ. ಆ ಅಂತರ ಗ್ರೇಡಿಯಂಟ್ ಟೈಮ್‌ನ ಕಾಲು ಭಾಗಕ್ಕಿಂತ ಕಡಿಮೆ ಇದ್ದರೆ ಐಸೊಕ್ರೆಟಿಕ್ (ಸಾಲ್ವೆಂಟ್ ಶೇಕಡಾ ಕೊನೆಯವರೆಗೂ ಒಂದೇ) ಸಾಕು. ಶೇ. 40ಕ್ಕಿಂತ ಜಾಸ್ತಿ ಇದ್ದರೆ ಗ್ರೇಡಿಯಂಟೇ ಗತಿ. ನಡುವೆ ಬಂದರೆ ಎರಡೂ ನೋಡಬಹುದು. ಆರನೇ ನಿಮಿಷಕ್ಕೆ ಮೊದಲ ಪೀಕ್, ಹತ್ತನೇ ನಿಮಿಷಕ್ಕೆ ಕೊನೆಯದು ಅಂದರೆ ಅಂತರ 4 ನಿಮಿಷ, ಶೇ. 20, ಗ್ರೇಡಿಯಂಟ್ ತಲೆನೋವು ಬೇಕಿಲ್ಲ. ಈ ಒಂದು ರನ್ ಎಷ್ಟೋ ಊಹೆಗಳನ್ನು ಉಳಿಸುತ್ತೆ. ಸಿಮ್ಯುಲೇಟರ್‌ನಲ್ಲಿ ಬೇರೆ ಬೇರೆ ಕಾಂಪೌಂಡ್ ಆರಿಸಿ ಈ ನಿಯಮವನ್ನು ಪರೀಕ್ಷೆ ಮಾಡಿ, ಆಮೇಲೆ ಐಸೊಕ್ರೆಟಿಕ್ ಮೋಡ್‌ಗೆ ಬಂದು ನಿಜವಾಗಿಯೂ ಕೆ 1ರಿಂದ 10ರ ಒಳಗೆ ನಿಲ್ಲುತ್ತಾ ನೋಡಿ. ಇದನ್ನು ಮಾಡಿದ ಹುಡುಗಿ ಒಬ್ಬಳು ನಮ್ಮ ಟೀಮ್‌ನಲ್ಲಿ 'ಸರ್, ಇದಕ್ಕೆ ಗ್ರೇಡಿಯಂಟ್ ಯಾಕೆ ಬೇಕು' ಅಂತ ಮೀಟಿಂಗ್‌ನಲ್ಲಿ ಕೇಳಿದಳು. ಸರಿಯಾದ ಪ್ರಶ್ನೆ. ಆ ಮೆಥಡ್ ಐಸೊಕ್ರೆಟಿಕ್‌ನಲ್ಲೇ ಮುಗಿಯಿತು.

ಗ್ರೇಡಿಯಂಟ್‌ನಲ್ಲಿ ಇಳಿಜಾರು ಎಷ್ಟು ಕಡಿದು ಅನ್ನುವುದೇ ಎಲ್ಲ. 150 ಮಿ.ಮೀ. ಕಾಲಮ್, 1 ಮಿ.ಲೀ. ಫ್ಲೋ, ಶೇ. 5ರಿಂದ 95, 20 ನಿಮಿಷ ಅಂದರೆ ಸಾಮಾನ್ಯ ಸಣ್ಣ ಮಾಲಿಕ್ಯೂಲ್‌ಗೆ ಸರಾಸರಿ ಕೆ ಸುಮಾರು 2.6 ಬರುತ್ತೆ. 40 ನಿಮಿಷ ಮಾಡಿದರೆ 5.2. ಟೈಮ್ ಜಾಸ್ತಿ ಮಾಡುವುದರ ಬದಲು ಶೇ. 5ರಿಂದ 95 ಅನ್ನುವ ವ್ಯಾಪ್ತಿಯನ್ನು ಶೇ. 20ರಿಂದ 65ಕ್ಕೆ ಇಳಿಸಿದರೂ ಅದೇ 5.2 ಸಿಗುತ್ತೆ, 20 ನಿಮಿಷದಲ್ಲೇ. ಪೀಕ್‌ಗಳೆಲ್ಲ ಆ ವ್ಯಾಪ್ತಿಯೊಳಗೆ ಬರುತ್ತವೆ ಅನ್ನುವುದು ಸ್ಕೌಟಿಂಗ್‌ನಲ್ಲಿ ಗೊತ್ತಾಗಿರಬೇಕು ಅಷ್ಟೇ. ಕಾಲಮ್ ಉದ್ದ ಅರ್ಧ ಮಾಡಿದರೆ ಗ್ರೇಡಿಯಂಟ್ ಟೈಮ್ ಕೂಡ ಅರ್ಧ ಮಾಡಬೇಕು, ಇಲ್ಲಾಂದ್ರೆ ಸೆಲೆಕ್ಟಿವಿಟಿ ಬದಲಾಗಿ ಪೀಕ್‌ಗಳು ಬೇರೆ ಥರ ಕೂರುತ್ತವೆ. ಇದನ್ನು ಬಾಯಲ್ಲಿ ಹೇಳಿದರೆ ಮಂದಿ ತಲೆ ಆಡಿಸುತ್ತಾರೆ, ಲ್ಯಾಬ್‌ಗೆ ಹೋಗಿ ಕಾಲಮ್ ಬದಲಾಯಿಸಿ ಟೈಮ್ ಹಾಗೇ ಬಿಡುತ್ತಾರೆ. ಪರದೆ ಮೇಲೆ ಎರಡನ್ನೂ ಅಕ್ಕಪಕ್ಕ ಓಡಿಸಿ ತೋರಿಸಿದರೆ ಮತ್ತೆ ಹೇಳಬೇಕಾಗುವುದಿಲ್ಲ.

ಡ್ವೆಲ್ ವಾಲ್ಯೂಮ್ ಹಾಕುವ ಜಾಗ ಇದೆ ಅನ್ನುವುದು ನನಗೆ ಅತಿ ಖುಷಿ ಕೊಟ್ಟ ಸಂಗತಿ. ಪಂಪ್‌ನಲ್ಲಿ ಸಾಲ್ವೆಂಟ್ ಬೆರೆತ ಜಾಗದಿಂದ ಕಾಲಮ್ ಬಾಯಿಯವರೆಗೆ ಇರುವ ಜಾಗ ಅದು. ಗ್ರೇಡಿಯಂಟ್ ಶುರುವಾಯಿತು ಅಂತ ಸಾಫ್ಟ್‌ವೇರ್ ಹೇಳಿದರೂ ಕಾಲಮ್‌ಗೆ ಆ ಸುದ್ದಿ ಮುಟ್ಟುವುದು ತಡವಾಗಿ. ಹಳೆಯ ಮೆಷಿನ್‌ಗಳಲ್ಲಿ ಇದು 1 ಮಿ.ಲೀ. ಅಥವಾ ಜಾಸ್ತಿ, ಇನ್ನೂ ಹೆಚ್ಚು ಪ್ರೆಷರ್‌ನಲ್ಲಿ ಓಡುವ ಹೊಸ ಯುಹೆಚ್‌ಪಿಎಲ್‌ಸಿಗಳಲ್ಲಿ ಅದರ ಸಣ್ಣ ಭಾಗ ಮಾತ್ರ. ನಿಮಿಷಕ್ಕೆ 1 ಮಿ.ಲೀ. ಫ್ಲೋ ಇದ್ದರೆ 1 ಮಿ.ಲೀ. ಡ್ವೆಲ್ ಅಂದರೆ ಒಂದು ನಿಮಿಷ ತಡ. ಅದೇ 2.1 ಮಿ.ಮೀ. ಕಾಲಮ್‌ನಲ್ಲಿ 0.2 ಮಿ.ಲೀ. ಫ್ಲೋ ಇದ್ದರೆ ಐದು ನಿಮಿಷ ತಡ! ಹತ್ತು ನಿಮಿಷದ ಮೆಥಡ್‌ನಲ್ಲಿ ಐದು ನಿಮಿಷ ಅಂದರೆ ಆ ಮೆಥಡ್ ಮುಗಿದ ಹಾಗೇ.

ಒಂದು ಸಲ ನಮ್ಮಲ್ಲಿ ಚೆನ್ನಾಗಿ ಓಡುತ್ತಿದ್ದ ಮೆಥಡ್ ಬೇರೊಂದು ಲ್ಯಾಬ್‌ಗೆ ಟ್ರಾನ್ಸ್‌ಫರ್ ಆಯಿತು. ಅಲ್ಲಿ ಮೊದಲ ಎರಡು ಪೀಕ್ ಸೇರಿಕೊಂಡವು. ಅವರು ಕಾಲಮ್ ಸರಿಯಿಲ್ಲ ಅಂದರು, ನಾವು ಮೊಬೈಲ್ ಫೇಸ್ ತಯಾರಿ ಸರಿಯಿಲ್ಲ ಅಂದೆವು, ಮೇಲ್‌ಗಳು ಆ ಕಡೆ ಈ ಕಡೆ ಓಡಾಡಿದವು. ಕೊನೆಗೆ ಎರಡೂ ಮೆಷಿನ್‌ಗಳ ಡ್ವೆಲ್ ವಾಲ್ಯೂಮ್ ಅಳೆದಾಗ ಒಂದು ಮಿ.ಲೀ. ಹತ್ತಿರ ವ್ಯತ್ಯಾಸ. ಆಮೇಲೆ ಅವೆರಡು ಅಂಕಿಗಳನ್ನು ಸಿಮ್ಯುಲೇಟರ್‌ಗೆ ಹಾಕಿ ಮೀಟಿಂಗ್‌ನಲ್ಲಿ ತೋರಿಸಿದೆವು. ಕಾಂಪೌಂಡ್ ಬೇರೆಯಾದರೂ ಪರಿಣಾಮ ಅದೇ: ಬೇಗ ಬರುವ ಪೀಕ್‌ಗಳಿಗೆ ಜಾಸ್ತಿ ಪೆಟ್ಟು, ತಡವಾಗಿ ಬರುವವು ಬರೀ ಮುಂದಕ್ಕೆ ಸರಿದಿವೆ. ಜಗಳ ಅಲ್ಲಿಗೆ ನಿಂತಿತು. ಗ್ರೇಡಿಯಂಟ್ ಶುರುವಿನಲ್ಲಿ ಒಂದು ಐಸೊಕ್ರೆಟಿಕ್ ಹೋಲ್ಡ್ ಇಟ್ಟು ಮೆಥಡ್ ಬರೆದಿದ್ದರೆ ಎರಡು ಮೆಷಿನ್‌ಗಳಿಗೂ ಹೊಂದಿಸಿಕೊಳ್ಳಬಹುದಿತ್ತು. ಮೆಥಡ್ ಬರೆಯುವಾಗ ಯಾವ ಮೆಷಿನ್‌ನಲ್ಲಿ ಮಾಡಿದ್ದು, ಅದರ ಡ್ವೆಲ್ ಎಷ್ಟು ಅಂತ ಒಂದು ಸಾಲು ಸೇರಿಸಿ ಅಂತ ಎಲ್ಲರನ್ನೂ ಕೇಳಿಕೊಳ್ಳುತ್ತೇನೆ. ಒಂದೇ ಸಾಲು ಸಾಕು.

ಕಾಲಮ್ ಆದ ಮೇಲಿನ ಟ್ಯೂಬ್ ಉದ್ದ, ಒಳವ್ಯಾಸ ಹಾಕುವ ಆಯ್ಕೆಯೂ ಇದೆ. ಲ್ಯಾಬ್‌ನಲ್ಲಿ ಕೆಂಪು ಬಣ್ಣದ ಪ್ಲಾಸ್ಟಿಕ್ ಟ್ಯೂಬ್ ಅಂದರೆ ಒಳವ್ಯಾಸ 0.13 ಮಿ.ಮೀ., ನೀಲಿ ಅಂದರೆ 0.25. ಕೆಂಪು ಸಿಗಲಿಲ್ಲ ಅಂತ ಯಾರೋ ಡ್ರಾಯರ್‌ನಲ್ಲಿದ್ದ ನೀಲಿ ಹಾಕಿಬಿಡುತ್ತಾರೆ. ವ್ಯಾಸ ಎರಡು ಪಟ್ಟು, ಆದರೆ ಟ್ಯೂಬ್‌ನೊಳಗೆ ಪೀಕ್ ಹರಡುವುದು ವೇರಿಯನ್ಸ್ (ಹರಡುವಿಕೆಯ ಅಳತೆ) ಲೆಕ್ಕದಲ್ಲಿ 16 ಪಟ್ಟು, ಯಾಕೆಂದರೆ ಅದು ವ್ಯಾಸದ ನಾಲ್ಕನೇ ಘಾತಕ್ಕೆ ಹೋಗುತ್ತೆ. ದೊಡ್ಡ ಕಾಲಮ್‌ನಲ್ಲಿ ಗೊತ್ತಾಗುವುದಿಲ್ಲ. 50 ಮಿ.ಮೀ. ಉದ್ದದ 2.1 ಮಿ.ಮೀ. ಕಾಲಮ್ ಹಾಕಿ ಟ್ಯೂಬ್ ಬದಲಾಯಿಸಿ ನೋಡಿ, ಚೂಪಾಗಿದ್ದ ಪೀಕ್‌ಗಳು ದಪ್ಪಗಾಗುತ್ತವೆ. ದುಬಾರಿ ಕಾಲಮ್ ತಂದು ಟ್ಯೂಬ್‌ನಲ್ಲಿ ಕಳೆದುಕೊಳ್ಳುವುದು ಅಂದರೆ ಇದು. ಡಿಟೆಕ್ಟರ್‌ನ ಟೈಮ್ ಕಾನ್‌ಸ್ಟಂಟ್ (ಅದು ಎಷ್ಟು ಬೇಗ ಸ್ಪಂದಿಸುತ್ತೆ ಅನ್ನುವುದು) ಕೂಡ ಹೀಗೇ, ಅದನ್ನೂ ಏರಿಸಿ ನೋಡಿ.

ಇಷ್ಟು ಹೊಗಳಿದ ಮೇಲೆ ಇಲ್ಲದ್ದನ್ನೂ ಹೇಳಬೇಕು. ದೊಡ್ಡ ಕೊರತೆ ಪಿಹೆಚ್. ನಾನು ಬಳಸುವ ಆವೃತ್ತಿಯಲ್ಲಿ ಪಿಹೆಚ್ ಬದಲಾಯಿಸುವ ಅವಕಾಶ ಇಲ್ಲ. ನಮ್ಮ ಫಾರ್ಮಾ ಮಾಲಿಕ್ಯೂಲ್‌ಗಳಲ್ಲಿ ಬಹುಪಾಲು ಆಸಿಡ್ ಅಥವಾ ಬೇಸ್ ಆಗಿರುವಾಗ ಇದು ಸಣ್ಣ ವಿಷಯ ಅಲ್ಲ. ನೋವಿನ ಔಷಧ ಡೈಕ್ಲೋಫೆನಾಕ್‌ನ ಉದಾಹರಣೆ ನೋಡಿ, ಅದರ ಪಿಕೆಎ (ಅರ್ಧದಷ್ಟು ಅಯಾನ್ ಆಗುವ ಪಿಹೆಚ್) 4ರ ಹತ್ತಿರ. ಪಿಹೆಚ್ 4ರಲ್ಲಿ ಮೆಥಡ್ ಮಾಡಿದರೆ ಅರ್ಧ ಅಯಾನ್ ಆಗಿ, ಅರ್ಧ ಹಾಗೇ ಇರುತ್ತೆ. ಬಫರ್ ಪಿಹೆಚ್ 0.1 ಆಚೀಚೆ ಆದರೂ ರಿಟೆನ್ಷನ್ ಓಡಾಡುತ್ತೆ. ಪಿಕೆಎಯಿಂದ ಒಂದೂವರೆ ಎರಡು ಯೂನಿಟ್ ದೂರ ನಿಲ್ಲಿ ಅಂತ ಹೇಳುವುದು ಅದಕ್ಕೇ. ಬಫರ್ ಆಯ್ಕೆಯೂ ಹಾಗೇ: ಫಾಸ್ಫೇಟ್ ಕೆಲಸ ಮಾಡುವುದು 2.1 ಮತ್ತು 7.2ರ ಆಸುಪಾಸಿನಲ್ಲಿ, ಫಾರ್ಮೇಟ್ 3.8, ಅಸಿಟೇಟ್ 4.8, ಪ್ರತಿಯೊಂದಕ್ಕೂ ಆಚೀಚೆ ಒಂದು ಯೂನಿಟ್. ಪಿಹೆಚ್ 5.8ಕ್ಕೆ ಫಾಸ್ಫೇಟ್ ಬಫರ್ ಅಂತ ಬರೆದಿರುವ ಎಷ್ಟೋ ಮೆಥಡ್ ನೋಡಿದ್ದೇನೆ, ಅಲ್ಲಿ ಬಫರ್ ಅನ್ನುವುದು ಹೆಸರಿಗೆ ಮಾತ್ರ. ಇದ್ಯಾವುದನ್ನೂ ಸಿಮ್ಯುಲೇಟರ್ ಕಲಿಸುವುದಿಲ್ಲ, ಬೇರೆ ಕಡೆ ಕಲಿಯಬೇಕು.

ಎರಡನೆಯದು, ಪೀಕ್‌ಗಳು ಇಲ್ಲಿ ತುಂಬಾ ಒಳ್ಳೆಯವು. ಟೇಲಿಂಗ್ ಇಲ್ಲ. ಅಮೀನ್ ಒಂದು ಕಾಲಮ್ ಕಣದ ಮೇಲಿನ ಸಿಲನಾಲ್‌ಗೆ ಅಂಟಿಕೊಂಡು ಬಾಲ ಬಿಡುವುದು, ಸ್ಯಾಂಪಲ್ ಅನ್ನು ಪೂರ್ತಿ ಅಸಿಟೋನೈಟ್ರೈಲ್‌ನಲ್ಲಿ ಕರಗಿಸಿದ್ದಕ್ಕೆ ಮೊದಲ ಪೀಕ್ ಒಡೆದು ಎರಡಾಗುವುದು, ಬೇಸ್‌ಲೈನ್ ಏರುವುದು, ಸ್ಯಾಂಪಲ್ ಇಲ್ಲದ ಬ್ಲ್ಯಾಂಕ್‌ನಲ್ಲೂ ಪೀಕ್ ಬರುವುದು ಇವೆಲ್ಲ ಲ್ಯಾಬ್‌ನ ನಿಜ. ಫೋರ್ಸ್ಡ್ ಡಿಗ್ರಡೇಷನ್ (ಔಷಧವನ್ನು ಬೇಕಂತಲೇ ಕೆಡಿಸಿ ನೋಡುವುದು) ಸ್ಯಾಂಪಲ್‌ನಲ್ಲಿ ಪೆರಾಕ್ಸೈಡ್ ಹಾಕಿದ ತಕ್ಷಣ ಹುಟ್ಟುವ ಆರೇಳು ಹೊಸ ಪೀಕ್‌ಗಳನ್ನು ಪಿಡಿಎ ಡಿಟೆಕ್ಟರ್ ಕೊಡುವ ಸ್ಪೆಕ್ಟ್ರಮ್ (ಬೆಳಕು ಹೀರುವ ರೀತಿ) ನೋಡಿ ಗುರುತಿಸುವ ಕಷ್ಟ ಇಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಇದನ್ನಷ್ಟೇ ಬಳಸಿ ಕಲಿತವರು ಮೊದಲ ಸಲ ನಿಜವಾದ ಸ್ಯಾಂಪಲ್ ನೋಡಿದಾಗ ಗಾಬರಿಯಾಗಬಹುದು. ಆ ಗಾಬರಿ ಎರಡು ದಿನಕ್ಕೆ ಹೋಗುತ್ತೆ, ಆದರೆ ಒಳಗಿನ ಲೆಕ್ಕ ತಲೆಯಲ್ಲಿ ಉಳಿದಿರುತ್ತೆ.

ನಿಮ್ಮದೇ ಮಾಲಿಕ್ಯೂಲ್‌ಗೆ ಮಾಡೆಲ್ ಬೇಕು ಅಂದರೆ ದುಡ್ಡು ಕೊಟ್ಟು ತೆಗೆದುಕೊಳ್ಳುವ ಸಾಫ್ಟ್‌ವೇರ್‌ಗಳಿವೆ. ಅದರಲ್ಲಿ ಹಳೆಯದು, ಹೆಸರುವಾಸಿಯಾದದ್ದು ಡ್ರೈಲ್ಯಾಬ್. 1980ರ ದಶಕದಲ್ಲಿ ಅಮೆರಿಕದಲ್ಲಿ ಲಾಯ್ಡ್ ಸ್ನೈಡರ್, ಜಾನ್ ಡೋಲನ್ ಮತ್ತು ಜೊತೆಗಾರರು ಶುರು ಮಾಡಿದ್ದು, ಈಗ ಬರ್ಲಿನ್‌ನ ಮೋಲ್ನಾರ್ ಇನ್‌ಸ್ಟಿಟ್ಯೂಟ್ ನಡೆಸುತ್ತೆ. ಅದರ ಯೋಚನೆ ಸರಳ. ಟೈಮ್‌ನಲ್ಲಿ ಮೂರು ಪಟ್ಟು ವ್ಯತ್ಯಾಸ ಇರುವ ಎರಡು ಗ್ರೇಡಿಯಂಟ್ ಓಡಿಸಿ, ಉದಾಹರಣೆಗೆ 20 ಮತ್ತು 60 ನಿಮಿಷ. ಆ ಎರಡರಿಂದ ಪ್ರತಿ ಪೀಕ್‌ನ ಸ್ವಭಾವ ಗೊತ್ತಾಗುತ್ತೆ, ಮಧ್ಯದ ಎಲ್ಲ ಗ್ರೇಡಿಯಂಟ್‌ಗಳನ್ನೂ ಕಂಪ್ಯೂಟರ್ ಲೆಕ್ಕ ಹಾಕುತ್ತೆ. ಟೆಂಪರೇಚರ್ ಸೇರಿಸಿದರೆ ನಾಲ್ಕು ರನ್, ಪಿಹೆಚ್ ಕೂಡ ಸೇರಿಸಿ ಮೂರು ಆಯಾಮದ ಮಾಡೆಲ್ ಮಾಡಿದರೆ ಹನ್ನೆರಡು ರನ್. ಆಮೇಲೆ ಯಾವ ಜಾಗದಲ್ಲಿ ಕ್ರಿಟಿಕಲ್ ರೆಸೊಲ್ಯೂಷನ್ (ಅತಿ ಹತ್ತಿರದ ಜೋಡಿಯದು) 1.5 ದಾಟುತ್ತೆ ಅಂತ ಬಣ್ಣದ ನಕ್ಷೆ ಸಿಗುತ್ತೆ. ಕೆಂಪು ಜಾಗದ ನಡುವೆ ನಿಂತರೆ ಸಣ್ಣಪುಟ್ಟ ಬದಲಾವಣೆಗೆ ಮೆಥಡ್ ಅಲುಗಾಡುವುದಿಲ್ಲ. ಔಷಧ ನಿಯಮಗಳನ್ನು ದೇಶಗಳ ನಡುವೆ ಹೊಂದಿಸುವ ಸಂಸ್ಥೆ ಐಸಿಹೆಚ್‌ನ ಕ್ಯೂ14 ಮಾರ್ಗಸೂಚಿ 2023ರಲ್ಲಿ ಅಂತಿಮವಾದ ಮೇಲೆ, ಮೆಥಡ್ ಯಾಕೆ ಹೀಗಿದೆ ಅಂತ ಡೇಟಾ ಸಮೇತ ತೋರಿಸುವುದಕ್ಕೆ ಇನ್ನೂ ಬೆಲೆ ಬಂದಿದೆ, ಅಲ್ಲಿ ಇಂಥ ನಕ್ಷೆ ಕೈ ಹಿಡಿಯುತ್ತೆ. ಆದರೆ ಬೆಲೆ ಸಣ್ಣ ಕಂಪನಿಗಳಿಗೆ, ಕಾಲೇಜುಗಳಿಗೆ ಎಟುಕುವಂಥದ್ದಲ್ಲ. ಪೀಕ್‌ಗಳನ್ನು ರನ್‌ನಿಂದ ರನ್‌ಗೆ ಸರಿಯಾಗಿ ಗುರುತಿಸಿ ಕೊಡುವ ಕೆಲಸ ಅಲ್ಲೂ ನಿಮ್ಮದೇ. ತಪ್ಪು ಪೀಕ್ ಹೆಸರು ಕೊಟ್ಟರೆ ನಕ್ಷೆ ಚೆನ್ನಾಗಿ ಕಾಣುತ್ತೆ, ಆದರೆ ಸುಳ್ಳು ಹೇಳುತ್ತೆ.

ಬಿಟ್ಟಿ ಸಿಮ್ಯುಲೇಟರ್‌ನಲ್ಲಿ ತಳಪಾಯ ಹಾಕಿಕೊಂಡವರಿಗೆ ಡ್ರೈಲ್ಯಾಬ್ ಅರ್ಥ ಮಾಡಿಕೊಳ್ಳುವುದು ಸುಲಭ, ಒಳಗಿರುವ ಲೆಕ್ಕ ಒಂದೇ ಜಾತಿಯದು. ಡ್ರೈಲ್ಯಾಬ್ ಇಲ್ಲದಿದ್ದರೂ ಅದರ ಪದ್ಧತಿಯನ್ನು ಕೈಯಲ್ಲೇ ಮಾಡಬಹುದು. ಎರಡು ಗ್ರೇಡಿಯಂಟ್, ಎರಡು ಟೆಂಪರೇಚರ್, ನಾಲ್ಕು ರನ್. ಒಂದು ಎಕ್ಸೆಲ್ ಶೀಟ್. ಪ್ರತಿ ರನ್‌ನಲ್ಲಿ ಪ್ರತಿ ಪೀಕ್‌ನ ಟೈಮ್ ಬರೆದುಕೊಂಡು ಯಾವುದು ಯಾವ ಕಡೆ ಸರಿಯುತ್ತಿದೆ ನೋಡಿ. ಇಷ್ಟು ಮಾಡಿದ ಮೇಲೆ ಐದನೇ ರನ್ ಯಾವುದಿರಬೇಕು ಅನ್ನುವುದಕ್ಕೆ ಊಹೆ ಬೇಕಾಗುವುದಿಲ್ಲ.

ಎಂಫಾರ್ಮ್, ಎಂಎಸ್ಸಿ ಕಾಲೇಜುಗಳ ಮೇಷ್ಟ್ರುಗಳಿಗೆ ಇದನ್ನು ವಿಶೇಷವಾಗಿ ಹೇಳುತ್ತೇನೆ. ಎಷ್ಟೋ ಕಡೆ ಇಡೀ ಡಿಪಾರ್ಟ್‌ಮೆಂಟ್‌ಗೆ ಒಂದೇ ಮೆಷಿನ್, ಅದೂ ಪಿಹೆಚ್‌ಡಿಯವರ ಕೈಯಲ್ಲಿ. ಮಕ್ಕಳು ದೂರದಿಂದ ನೋಡಿ ಬರುತ್ತಾರೆ. ಒಂದು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್ ಇದ್ದರೆ ಇಡೀ ಕ್ಲಾಸ್‌ಗೆ ಮೆಥಡ್ ಡೆವಲಪ್ ಮಾಡಿಸಬಹುದು. ಐದು ಕಾಂಪೌಂಡ್ ಕೊಡಿ, ರೆಸೊಲ್ಯೂಷನ್ 2ಕ್ಕಿಂತ ಜಾಸ್ತಿ, ಪ್ರೆಷರ್ 400 ಬಾರ್ ಒಳಗೆ, ಟೈಮ್ ಆದಷ್ಟು ಕಡಿಮೆ ಅಂತ ಹೇಳಿ ಬಿಡಿ. ಒಬ್ಬೊಬ್ಬರು ಒಂದೊಂದು ದಾರಿ ಹಿಡಿಯುತ್ತಾರೆ. ಒಬ್ಬರು ಟೆಂಪರೇಚರ್ ಏರಿಸುತ್ತಾರೆ, ಇನ್ನೊಬ್ಬರು ಕಾಲಮ್ ಚಿಕ್ಕದು ಮಾಡುತ್ತಾರೆ. ಯಾಕೆ ಹಾಗೆ ಮಾಡಿದೆ ಅಂತ ಕೇಳಿ, ಪಾಠ ಅಲ್ಲೇ ಆಗುತ್ತೆ.

ಬಳಕೆಯ ಬಗ್ಗೆ ಸಣ್ಣ ದೂರುಗಳಿವೆ. ಮೊಬೈಲ್ ಫೋನ್‌ನಲ್ಲಿ ಇದನ್ನು ತೆರೆಯಲು ಹೋಗಬೇಡಿ, ಸೆಟ್ಟಿಂಗ್‌ಗಳು ತುಂಬಾ, ದೊಡ್ಡ ಪರದೆ ಬೇಕೇ ಬೇಕು. ಮೊದಲ ಸಲ ನೋಡಿದಾಗ ವ್ಯಾನ್ ಡೀಮ್ಟರ್ ಅಂಕಿಗಳು, ಪೊರಾಸಿಟಿ ಅಂತ ಏನೇನೋ ಕಾಣುತ್ತೆ, ಅವನ್ನು ಹಾಗೇ ಬಿಟ್ಟು ಸಾಲ್ವೆಂಟ್, ಟೆಂಪರೇಚರ್, ಫ್ಲೋ, ಕಾಲಮ್ ಈ ನಾಲ್ಕರಿಂದ ಶುರು ಮಾಡಿ. ಎಲ್ಲವೂ ಇಂಗ್ಲಿಷ್‌ನಲ್ಲಿದೆ, ಆದರೆ ಲ್ಯಾಬ್‌ನಲ್ಲಿ ಬಳಸುವ ಪದಗಳೇ ಆದ್ದರಿಂದ ತೊಂದರೆ ಆಗುವುದಿಲ್ಲ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಕಳೆದ ಅರ್ಧ ಪಿಹೆಚ್‌ಗೆ. ಒಂದು ಪಿಹೆಚ್ ಸ್ಲೈಡರ್, ಒಂದಷ್ಟು ಆಸಿಡ್ ಬೇಸ್ ಕಾಂಪೌಂಡ್ ಸೇರಿಸಿದರೆ ಬಾಕಿ ಅರ್ಧವನ್ನೂ ಕೊಡುತ್ತೇನೆ. ಇವತ್ತೇ ತೆರೆದು ನೋಡುವವರಿಗೆ: ಐಸೊಕ್ರೆಟಿಕ್‌ನಲ್ಲಿ ಇಡಿ, ಅಸಿಟೋನೈಟ್ರೈಲ್ ಶೇ. 60ರಿಂದ ಶುರು ಮಾಡಿ ಐದೈದರಂತೆ ಇಳಿಸುತ್ತಾ ಬನ್ನಿ, ಪ್ರತಿ ಸಲ ಕೆ ಬರೆದುಕೊಳ್ಳಿ. ಆ ಕೆಯ ಲಾಗ್ ತೆಗೆದು ಶೇಕಡಾ ಎದುರು ಗ್ರಾಫ್ ಹಾಕಿ. ಹೆಚ್ಚು ಕಡಿಮೆ ನೇರ ಗೆರೆಗಳು ಬರುತ್ತವೆ, ಒಂದೊಂದು ಕಾಂಪೌಂಡ್‌ಗೆ ಒಂದೊಂದು ಇಳಿಜಾರು. ಯಾವ ಎರಡು ಗೆರೆ ಎಲ್ಲಿ ಒಂದನ್ನೊಂದು ದಾಟುತ್ತವೆ ಅಥವಾ ಹತ್ತಿರ ಬರುತ್ತವೆ ನೋಡಿ, ನಿಮ್ಮ ಮೆಥಡ್ ಆ ಜಾಗದಿಂದ ಆದಷ್ಟು ದೂರ ಇರಲಿ.